ಹೊಸ ಡಾಕ್ಟರು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬಂದಾಗ

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ, ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ, ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಕಚೇರಿಗೆ ಬಂದರು. ಮಗಳು ಎಂಬಿಬಿಎಸ್ ಮತ್ತು ಹೌಸ್ ಸರ್ಜನ್ಸಿ ಮುಗಿಸಿ ಆಗಷ್ಟೇ ಡಾಕ್ಟರಾಗಿದ್ದಳು. ಘಟ್ಟದ ಬುಡದಲ್ಲಿರುವ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ವರ್ಷದ ಮಟ್ಟಿಗೆ ವೈದ್ಯಾಧಿಕಾರಿಯಾಗಿ ಹೋಗಬೇಕೆಂಬ ಆದೇಶ ಪತ್ರ ಕೈಯಲ್ಲಿತ್ತು. ತಾಯಿಯ ಮುಖದಲ್ಲಿ ಸಂತೋಷಕ್ಕಿಂತ ಚಿಂತೆಯೇ ಹೆಚ್ಚು ಕಾಣುತ್ತಿತ್ತು. "ಫಾದರ್, ಅಲ್ಲಿ ಇವಳಿಗೆ ಏನು ಕೆಲಸ ಇರ್ತದೆ? ಶೀತ ಕೆಮ್ಮಿಗೆ ಮಾತ್ರೆ ಕೊಡ್ಲಿಕ್ಕೆ ಐದೂವರೆ ವರ್ಷ ಕಲಿಯಬೇಕಿತ್ತಾ?" ಎಂದು ಕೇಳಿದರು. ಮಗಳು ಆಗ ಮಾತಾಡಲಿಲ್ಲ. ತಾಯಿ ಹೊರಗೆ ಯಾರೊಡನೆಯೋ ಮಾತಿಗೆ ನಿಂತಾಗ ಮೆಲ್ಲಗೆ ಹೇಳಿದಳು: "ಕೆಲಸ ಕಡಿಮೆ ಆಗ್ತದೆ ಅಂತ ನನಗೆ ಹೆದರಿಕೆ ಇಲ್ಲ ಫಾದರ್. ರಾತ್ರಿ ಒಂದು ಸಂಶಯ ಬಂದ್ರೆ ಕೇಳ್ಲಿಕ್ಕೆ ಯಾರೂ ಇರುವುದಿಲ್ಲ, ಅದೇ ಹೆದರಿಕೆ."

ಆ ದಿನ ಇಬ್ಬರಿಗೂ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಇಡೀ ವರ್ಷ ಅವಳು ಊರಿಗೆ ಬಂದಾಗಲೆಲ್ಲ ಕೇಳುತ್ತಾ ಬಂದೆ. ಸರಕಾರಿ ಸೇವೆಯಲ್ಲಿ ತಲೆ ನರೆತ ಕೆಲವು ವೈದ್ಯರನ್ನೂ ವಿಚಾರಿಸಿದೆ. ನಮ್ಮ ಓದುಗರಲ್ಲಿ ಹಲವರ ಮನೆಯಲ್ಲಿ ಇಂದು ವೈದ್ಯಕೀಯ ವಿದ್ಯಾರ್ಥಿಗಳಿದ್ದಾರೆ. ಹಳ್ಳಿಯ ಧರ್ಮಕೇಂದ್ರಗಳಲ್ಲಿ ಇರುವವರಂತೂ ತಮ್ಮ ಊರಿನ ಆಸ್ಪತ್ರೆಗೆ ವರ್ಷ ವರ್ಷವೂ ಹೊಸ ಮುಖದ ಡಾಕ್ಟರು ಬಂದು ಹೋಗುವುದನ್ನು ಕಾಣುತ್ತಿದ್ದಾರೆ. ಆದುದರಿಂದ ಕೇಳಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಾನೂನಿನ ಮಾತು. ವೈದ್ಯಕೀಯ ಶಿಕ್ಷಣ ಮುಗಿಸಿದವರು ಒಂದು ವರ್ಷ ಕಡ್ಡಾಯ ಸೇವೆ ಸಲ್ಲಿಸಬೇಕೆಂದು ಕರ್ನಾಟಕ ಸರಕಾರ 2012ರಲ್ಲಿ ಕಾಯ್ದೆ ಮಾಡಿತು. ಅದು ಜಾರಿಗೆ ಬಂದದ್ದು 2015ರಲ್ಲಿ. ಕಾಲೇಜುಗಳಿಂದ ಹೊರಬರುವವರ ಸಂಖ್ಯೆ ಖಾಲಿ ಹುದ್ದೆಗಳಿಗಿಂತ ಹೆಚ್ಚಾದ ಕಾರಣ 2023ರ ತಿದ್ದುಪಡಿಯಲ್ಲಿ ಇದನ್ನು ಸಡಿಲಿಸಲಾಗಿದ್ದು, ಸರಕಾರ ತನಗೆ ಬೇಕಾದಷ್ಟು ಮಂದಿಯನ್ನು ಮಾತ್ರ ನೇಮಿಸಿಕೊಳ್ಳಬಹುದಾಗಿದೆ. ಇನ್ನು ಆರೋಗ್ಯ ಕೇಂದ್ರದ ಬಗ್ಗೆ ಹೇಳುವುದಾದರೆ, ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿ ಕೊಟ್ಟ ವರದಿಯೇ ಇದರ ಮೂಲ. 1952ರಿಂದ ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆಗೆ ಕೇಂದ್ರಗಳು ತೆರೆಯಲಾರಂಭಿಸಿದವು. ಬಯಲು ಪ್ರದೇಶದಲ್ಲಿ 30,000 ಜನರಿಗೊಂದು, ಗುಡ್ಡಗಾಡಿನಲ್ಲಿ 20,000 ಜನರಿಗೊಂದು ಎಂಬುದು ಲೆಕ್ಕಾಚಾರ. ಅದರ ಕೆಳಗೆ ಉಪಕೇಂದ್ರಗಳು, ಅದಕ್ಕೂ ಕೆಳಗೆ ಸುಮಾರು 1,000 ಜನರಿಗೊಬ್ಬರಂತೆ ಆಶಾ ಕಾರ್ಯಕರ್ತೆಯರು. ಈಗ ಇಂಥ ಕೇಂದ್ರಗಳ ಹೊರಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಬೋರ್ಡು ಕಂಡರೆ ಗೊಂದಲ ಬೇಡ. 2023ರಲ್ಲಿ ಬದಲಾದದ್ದು ಹೆಸರು.

ಕಾಲೇಜಿನಲ್ಲಿ ಕಾಣದ ರೋಗಿಗಳು

ತಾಯಿಯ ಪ್ರಶ್ನೆಗೆ ನನಗೆ ಸಿಕ್ಕಿದ ಒಳ್ಳೆಯ ಉತ್ತರ ಒಂದು ಹಳೆಯ ಲೆಕ್ಕದಲ್ಲಿದೆ. 1961ರಲ್ಲಿ ಕೆರ್ ವೈಟ್ ಎಂಬ ಅಮೆರಿಕದ ವೈದ್ಯರೂ ಅವರ ಸಂಗಡಿಗರೂ ಅಮೆರಿಕ ಮತ್ತು ಬ್ರಿಟನ್ನಿನ ಅಂಕಿಅಂಶಗಳನ್ನು ಜೋಡಿಸಿ ಒಂದು ಲೇಖನ ಪ್ರಕಟಿಸಿದರು. 1,000 ವಯಸ್ಕರನ್ನು ತೆಗೆದುಕೊಂಡರೆ, ಒಂದು ತಿಂಗಳಲ್ಲಿ ಸುಮಾರು 750 ಮಂದಿಗೆ ಏನಾದರೊಂದು ಅಸೌಖ್ಯ ಆಗುತ್ತದೆ. ಅವರಲ್ಲಿ 250 ಮಂದಿ ಡಾಕ್ಟರ ಬಳಿ ಹೋಗುತ್ತಾರೆ. ಆಸ್ಪತ್ರೆಯಲ್ಲಿ ದಾಖಲಾಗುವವರು 9 ಮಂದಿ. ದೊಡ್ಡ ಮೆಡಿಕಲ್ ಕಾಲೇಜಿನ ಆಸ್ಪತ್ರೆಯವರೆಗೆ ಹೋಗುವವರು ಒಬ್ಬರು ಮಾತ್ರ. ಊರು, ಕಾಲ ಬದಲಾದರೆ ಸಂಖ್ಯೆ ಬದಲಾದೀತು. ಆದರೆ ಗಮನಿಸಬೇಕಾದ ವಿಷಯವೆಂದರೆ, ವೈದ್ಯ ವಿದ್ಯಾರ್ಥಿ ಐದೂವರೆ ವರ್ಷ ಕಲಿಯುವುದು ಹೆಚ್ಚಾಗಿ ಆ ಕೊನೆಯ ಒಬ್ಬರ ಹಾಸಿಗೆಯ ಪಕ್ಕದಲ್ಲಿ ನಿಂತು. ಅಷ್ಟು ದೂರ ತಲಪುವಾಗ ಆ ಕಾಯಿಲೆಗೆ ಹೆಸರು ಬಂದಿರುತ್ತದೆ, ಫೈಲು ದಪ್ಪವಾಗಿರುತ್ತದೆ, ಮೂರು ಜನ ಡಾಕ್ಟರು ನೋಡಿ ಆಗಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಿಗೆ ಬರುವವರು ಆ 250 ಮಂದಿ. ಅವರ ಕಾಯಿಲೆಗೆ ಇನ್ನೂ ಹೆಸರಿಲ್ಲ. "ಮೈಕೈ ನೋವು", "ಊಟ ಸೇರುವುದಿಲ್ಲ", "ಒಂಥರಾ ಆಗ್ತದೆ ಡಾಕ್ಟ್ರೇ" ಎಂದಷ್ಟೇ ಹೇಳುತ್ತಾರೆ.

ಇವರಲ್ಲಿ ಬಹುಪಾಲು ಮಂದಿ ಮದ್ದು ಕೊಟ್ಟರೂ ಕೊಡದಿದ್ದರೂ ವಾರದೊಳಗೆ ಗುಣವಾಗುವವರು. ಒಬ್ಬಿಬ್ಬರು ಮಾತ್ರ ಇಂದು ರಾತ್ರಿಯೊಳಗೆ ದೊಡ್ಡ ಆಸ್ಪತ್ರೆ ಸೇರದಿದ್ದರೆ ಉಳಿಯುವುದಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತಿರುವಾಗ ಎರಡೂ ತರದವರು ಒಂದೇ ತರ ಕಾಣುತ್ತಾರೆ. ಆ ಒಬ್ಬರನ್ನು ಸಾಲಿನಿಂದ ಹೆಕ್ಕುವುದೇ ಇಲ್ಲಿಯ ಡಾಕ್ಟರ ಕೆಲಸ. ಮಾತ್ರೆ ಕೊಡುವುದು ಅದರ ಸಣ್ಣ ಭಾಗ.

ಜ್ವರದ ತಿಂಗಳುಗಳು

ನಮ್ಮ ಕರಾವಳಿಯಲ್ಲಿ ಈ ಕೆಲಸದ ಪರೀಕ್ಷೆ ನಡೆಯುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ. ದಿನಕ್ಕೆ ಅರುವತ್ತು, ಎಪ್ಪತ್ತು ಮಂದಿ ಬಂದರೆ ಅರ್ಧದಷ್ಟು ಜ್ವರದವರು. ಮೊದಲ ದಿನದ ಜ್ವರ ಎಲ್ಲವೂ ಒಂದೇ. ಸಾದಾ ವೈರಸ್ ಜ್ವರವೋ, ಡೆಂಗಿಯೋ, ಇಲಿಜ್ವರವೋ, ಮಲೇರಿಯವೋ ಎಂದು ಮುಖ ನೋಡಿ ಹೇಳಲು ಯಾವ ಪ್ರೊಫೆಸರರಿಗೂ ಸಾಧ್ಯವಿಲ್ಲ. ಹಾಗಾಗಿ ಅನುಭವಸ್ಥ ವೈದ್ಯರು ಮೊದಲು ಕೇಳುವುದು ಕೆಲಸದ ಬಗ್ಗೆ. ಗದ್ದೆಯಲ್ಲಿ, ಅಡಿಕೆ ತೋಟದ ಕೆಸರಿನಲ್ಲಿ ಬರಿಗಾಲಲ್ಲಿ ನಡೆದವರಿಗೆ ಮೀನಖಂಡ ಹಿಡಿದರೆ ಸಹಿಸಲಾಗದ ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ ಎಂದಾದರೆ ಇಲಿಜ್ವರದ ಸಂಶಯ. ಅದಕ್ಕೆ ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಡಾಕ್ಸಿಸೈಕ್ಲಿನ್ ಆರಂಭಿಸುತ್ತಾರೆ. ತಡವಾದರೆ ಕಿಡ್ನಿ, ಪಿತ್ತಜನಕಾಂಗಗಳಿಗೆ ಏಟು. ಮಂಗಳೂರಿನ ಕಟ್ಟಡ ಕೆಲಸದಿಂದ ಬಂದವರಿಗೆ ನಡುಕ, ಚಳಿ ಇದ್ದರೆ ಮಲೇರಿಯ. ಇಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಕ್ಕೆ ಮೂರು ದಿನ ಕ್ಲೋರೋಕ್ವಿನ್, ಜೊತೆಗೆ ಹದಿನಾಲ್ಕು ದಿನ ಪ್ರೈಮಾಕ್ವಿನ್. ಮೂರನೇ ದಿನ ಜ್ವರ ಬಿಡುತ್ತದೆ, ಮಾತ್ರೆಯ ಚೀಟಿ ಕಿಸೆಯಲ್ಲೇ ಒದ್ದೆಯಾಗುತ್ತದೆ, ಎರಡು ತಿಂಗಳು ಕಳೆದು ಪಿತ್ತಜನಕಾಂಗದಲ್ಲಿ ಅಡಗಿದ್ದ ರೋಗಾಣು ಮತ್ತೆ ಏಳುತ್ತದೆ. ಮಳೆ ನಿಂತು ಚಳಿ ಆರಂಭವಾದ ಮೇಲೆ ಘಟ್ಟದ ಬುಡದಲ್ಲಿ ಇನ್ನೊಂದು ಪ್ರಶ್ನೆ ಸೇರುತ್ತದೆ: ಕಾಡಿಗೆ ಸೊಪ್ಪು, ದರಲೆಗೆ ಹೋಗಿದ್ದೀರಾ, ಮಂಗ ಸತ್ತದ್ದು ಎಲ್ಲಾದರೂ ಕಂಡಿರಾ? 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುವಂಥದ್ದು; ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ.

ಡೆಂಗಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ರಬ್ಬರ್ ಹಾಲು ಹಿಡಿಯುವ ಗೆರಟೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಮನೆ ಹಿಂದಿನ ಟಯರು ಇವುಗಳಲ್ಲಿ ನಿಂತ ಎರಡು ಚಮಚ ನೀರು ಇದರ ಸೊಳ್ಳೆಗೆ ಸಾಕು. ಜ್ವರ ಏರಿದಾಗ ಎಲ್ಲರಿಗೂ ಹೆದರಿಕೆ. ಆದರೆ ಅಪಾಯ ಬರುವುದು ಮೂರರಿಂದ ಏಳನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೆ. ಆಗ ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿಯಬಹುದು. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಇವು ಎಚ್ಚರಿಕೆಯ ಲಕ್ಷಣಗಳು.

ನಮ್ಮ ಹುಡುಗಿ ಕೇಂದ್ರಕ್ಕೆ ಸೇರಿ ಏಳನೇ ವಾರದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವ ಯುವಕನೊಬ್ಬ ಬಂದ. ನಾಲ್ಕು ದಿನ ಜ್ವರ ಇತ್ತಂತೆ, ಅಂದು ಬೆಳಿಗ್ಗೆ ಬಿಟ್ಟಿತ್ತು. ಕೆಲಸಕ್ಕೆ ಸೇರಲು ಸರ್ಟಿಫಿಕೇಟ್ ಕೊಡಿ, ಬೇರೇನೂ ಬೇಡ ಎಂದ. ಹೊರಗೆ ಸಾಲು ಉದ್ದವಿತ್ತು. ಅವಳು ಸಹಿ ಹಾಕಲು ಪೆನ್ನು ತೆಗೆದವಳು, ಅವನ ಕೈ ತಣ್ಣಗಿರುವುದು ಗೊತ್ತಾಗಿ, ಮಂಚದ ಮೇಲೆ ಮಲಗಿಸಿ ಹೊಟ್ಟೆ ಒತ್ತಿದಳು. ಅವನು ಮುಖ ಕಿವುಚಿದ. ರಕ್ತದೊತ್ತಡ ನೋಡಿದರೆ ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ ಬಹಳ ಕಡಿಮೆ. ಕೂಡಲೇ ಡ್ರಿಪ್ ಹಾಕಿ 108ಕ್ಕೆ ಫೋನ್ ಮಾಡಿದಳು. ಆರನೇ ದಿನ ಅವನು ಆಸ್ಪತ್ರೆಯಿಂದ ಮನೆಗೆ ಮರಳಿದ. "ಅವನು ಬಂದದ್ದು ಕಾಯಿಲೆಗಲ್ಲ ಫಾದರ್, ಸರ್ಟಿಫಿಕೇಟಿಗೆ" ಎಂದು ಅವಳು ಎರಡು ಸಲ ಹೇಳಿದಳು.

ಹಾಗೆಂದು ಎಲ್ಲರನ್ನೂ ದೊಡ್ಡ ಆಸ್ಪತ್ರೆಗೆ ಕಳುಹಿಸಿದರೆ ಕೇಂದ್ರ ಇರುವುದು ಯಾತಕ್ಕೆ? "ನಾಡಿದ್ದು ಬನ್ನಿ, ಈ ಲಕ್ಷಣ ಕಂಡರೆ ಇಂದೇ ಬನ್ನಿ" ಎಂದು ಬಿಡಿಸಿ ಹೇಳಿ ಕಳುಹಿಸುವುದೂ ಇಲ್ಲಿ ಒಂದು ಚಿಕಿತ್ಸೆ. ಕಾಲೇಜಿನಲ್ಲಿ ಇದಕ್ಕೆ ಮಾರ್ಕು ಇಲ್ಲ. ನಮ್ಮ ಜನರಿಗೂ ಇದು ಅಷ್ಟು ಹಿಡಿಸುವುದಿಲ್ಲ. ಡಾಕ್ಟರು ಸೂಜಿ ಚುಚ್ಚಲಿಲ್ಲ, ಗ್ಲೂಕೋಸ್ ಹಾಕಲಿಲ್ಲ ಎಂದರೆ "ಆ ಹೊಸ ಡಾಕ್ಟ್ರಿಗೆ ಏನೂ ಗೊತ್ತಿಲ್ಲ ಮಾರಾಯ್ರೆ" ಎಂದು ಬಸ್‌ಸ್ಟ್ಯಾಂಡಿನಲ್ಲಿ ತೀರ್ಪು ಬರುತ್ತದೆ. ಜ್ವರಕ್ಕೆ ಹಟ ಹಿಡಿದು ನೋವಿನ ಇಂಜೆಕ್ಷನ್ ಹಾಕಿಸಿಕೊಳ್ಳುವವರಿಗೆ ಒಂದು ಮಾತು ತಿಳಿದಿರಲಿ: ಡೆಂಗಿ ಇದ್ದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮದ್ದುಗಳು ರಕ್ತಸ್ರಾವ ಹೆಚ್ಚಿಸಬಹುದು. ಪ್ಯಾರಸಿಟಮಾಲ್ ಮತ್ತು ಧಾರಾಳ ನೀರು, ಗಂಜಿತಿಳಿ ಸಾಕು ಎಂದ ಡಾಕ್ಟರು ತಿಳಿದೇ ಹೇಳಿದವರು.

ಎಣಿಕೆ, ಗಡಿಯಾರ ಮತ್ತು ಗಾಜಿನ ನಳಿಕೆ

ಯಂತ್ರಗಳು ಕಡಿಮೆ ಇರುವ ಕಡೆ ಡಾಕ್ಟರು ಕೈ, ಕಣ್ಣು, ಗಡಿಯಾರಗಳನ್ನು ನಂಬಬೇಕಾಗುತ್ತದೆ. ಕೆಮ್ಮು ಇರುವ ಮಗುವಿನ ಅಂಗಿ ಮೇಲೆತ್ತಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸುವುದು ನೋಡುವವರಿಗೆ ಸಮಯ ಹಾಳು ಮಾಡಿದಂತೆ ಕಾಣಬಹುದು. ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗಿನ ಮಗುವಿಗೆ 50, ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರು ಇದ್ದರೆ ಅದು ನ್ಯುಮೋನಿಯ ಇರಬಹುದೆಂದು ಲೆಕ್ಕ. ಎದೆಯ ಕೆಳಭಾಗ ಒಳಗೆ ಎಳೆಯುತ್ತಿದ್ದರೆ ಇನ್ನೂ ಜಾಗ್ರತೆ.

ಹಾವು ಕಡಿತ ನಮ್ಮ ಕಡೆ ಹೊಸ ಡಾಕ್ಟರ ದೊಡ್ಡ ಭಯ. ಕಡಿದ ಹಾವಿನ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಒಣಗಿದ, ಶುಭ್ರ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ ಅಲ್ಲಾಡಿಸದೆ 20 ನಿಮಿಷ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಎಂದರ್ಥ. ನಾಗರಹಾವು, ಕಟ್ಟುಹಾವಿನ ವಿಷಕ್ಕೆ ರೆಪ್ಪೆ ಜೋತು ಬೀಳುತ್ತದೆ, ನುಂಗಲು, ಉಸಿರಾಡಲು ಕಷ್ಟ. ವಿಷನಿರೋಧಕ ಮದ್ದು ಆರೋಗ್ಯ ಕೇಂದ್ರದಲ್ಲಿ ಇರಬೇಕಾದದ್ದು. ಆದರೆ ಆ ಮದ್ದೇ ಕೆಲವರಿಗೆ ಅಲರ್ಜಿ ತರುತ್ತದೆ. ಆಗ ಕೊಡಬೇಕಾದ ಅಡ್ರಿನಾಲಿನ್ ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲಿ ಇಟ್ಟುಕೊಂಡೇ ಆರಂಭಿಸಬೇಕು. ಆ ಭಯದಿಂದ ಮೊದಲ ಡೋಸ್ ಕೊಡದೆಯೇ ರೋಗಿಯನ್ನು ಮುಂದೆ ಕಳುಹಿಸುವುದುಂಟು. ದಾರಿಯಲ್ಲಿ ಒಂದೂವರೆ ಗಂಟೆ ಕಳೆದುಹೋಗುತ್ತದೆ. ಮಗುವಿಗೂ ದೊಡ್ಡವರಷ್ಟೇ ಮದ್ದು ಬೇಕು ಎಂಬುದು ಅನೇಕರಿಗೆ ಆಶ್ಚರ್ಯ. ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲವಲ್ಲ! 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಪ್ರತಿಯೊಂದು ಹಾವು ಕಡಿತವನ್ನೂ ಸರಕಾರಕ್ಕೆ ವರದಿ ಮಾಡುವುದು ಕಡ್ಡಾಯ. ಮನೆಯವರು ಮಾಡಬೇಕಾದುದು ಇಷ್ಟೇ: ಹಗ್ಗ ಕಟ್ಟಬೇಡಿ, ಗಾಯ ಕೊಯ್ಯಬೇಡಿ, ಕಡಿದ ಕೈಕಾಲು ಅಲ್ಲಾಡಿಸದೆ ಕೂಡಲೇ ಹೊರಡಿ. ನಾಯಿ ಕಚ್ಚಿದರೆ ಮೊದಲು 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಬನ್ನಿ. ಚರ್ಮದೊಳಗೆ ಕೊಡುವ ಲಸಿಕೆಗೆ 0, 3, 7, 28ನೇ ದಿನ ಬರಬೇಕು. ಎರಡನೆಯದಕ್ಕೆ ನಿಲ್ಲಿಸುವವರೂ ಉಂಟು.

"ಗ್ಯಾಸ್"

ಇನ್ನು ಬರೆಯುವುದು ಸ್ವಲ್ಪ ಕಷ್ಟದ ವಿಷಯ. ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಸೆಪ್ಟೆಂಬರಿನ ಒಂದು ಸೋಮವಾರ ಅರುವತ್ತು ದಾಟಿದ ಅಮ್ಮ ಒಬ್ಬರು ಬಂದರು. ಶುಗರಿಗೆ ಮಾತ್ರೆ ತೆಗೆದುಕೊಳ್ಳುವವರು. ರಾತ್ರಿಯಿಂದ ಹೊಟ್ಟೆಯ ಮೇಲ್ಭಾಗ ಉರಿಯುತ್ತದೆ, ಗ್ಯಾಸ್ ಆಗಿದೆ, ಒಂದು ಮಾತ್ರೆ ಕೊಡಿ ಎಂದರು. ಅವಳು ಮಾತ್ರೆ ಕೊಟ್ಟು ಕಳುಹಿಸಿದಳು. ಕೇಂದ್ರದಲ್ಲಿ ಇಸಿಜಿ ಯಂತ್ರ ಇತ್ತು. ಅವಳಿಗೆ ಆ ಕ್ಷಣ ನೆನಪಿಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆ ಸುದ್ದಿ ತಂದರು. ಹೃದಯಾಘಾತ.

ಸಕ್ಕರೆ ಕಾಯಿಲೆ ಇರುವವರಿಗೆ, ಅದರಲ್ಲೂ ಹೆಂಗಸರಿಗೆ, ಹೃದಯಾಘಾತ ಎದೆನೋವಾಗಿ ಬರದೆ ಉರಿ, ಬೆವರು, ಸುಸ್ತು ಆಗಿ ಬರಬಹುದು ಎಂಬುದು ಪುಸ್ತಕದಲ್ಲಿ ಇದೆ. ಅವಳಿಗೂ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದಿದ್ದಳು. ಅಂದು ಅವಳು ಬಾಗಿಲು ಹಾಕಿ ಕುಳಿತಳು. ರಾಜೀನಾಮೆ ಬರೆಯಲು ಕಾಗದ ತೆಗೆದದ್ದೂ ಹೌದು. ಮಧ್ಯಾಹ್ನ ಕೇಂದ್ರದ ಹಿರಿಯ ಸಿಸ್ಟರ್ ಬಂದು, "ಡಾಕ್ಟ್ರೇ, ಆ ಮನೆಗೆ ಹೋಗಿ ಬರುವ" ಎಂದರು. ಇಪ್ಪತ್ತಾರು ವರ್ಷ ಅದೇ ಊರಿನಲ್ಲಿ ಲಸಿಕೆ ಹಾಕಿದವರು, ಸತ್ತ ಆ ಅಮ್ಮನ ಮೂರು ಮಕ್ಕಳ ಹೆರಿಗೆ ಮಾಡಿಸಿದವರು ಅವರು. ಇಬ್ಬರೂ ಹೋದರು. ಮಗ ಅಂಗಳದಲ್ಲಿ ನಿಂತಿದ್ದ. ಅವಳು, "ನಾನು ನಿನ್ನೆ ಇಸಿಜಿ ಮಾಡಬೇಕಿತ್ತು, ಮಾಡಲಿಲ್ಲ" ಎಂದು ಹೇಳಿದಳು. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಮತ್ತೆ ಒಳಗೆ ಹೋಗಿ ಇಬ್ಬರಿಗೂ ನೀರು, ಬೆಲ್ಲ ತಂದಿಟ್ಟ. ಕ್ಷಮೆ ಎಂದೋ ಸಿಟ್ಟು ಎಂದೋ ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಎಲ್ಲ ಕಡೆ ಹೀಗೆ ನೀರು ಬೆಲ್ಲ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ವೈದ್ಯರ ಮೇಲೆ ಕೈ ಮಾಡುವವರಿಗಾಗಿ 2009ರಲ್ಲಿ ರಾಜ್ಯದಲ್ಲಿ ಕಾಯ್ದೆ ಮಾಡಬೇಕಾಗಿ ಬಂತು ಎಂಬುದೇ ಸಾಕಷ್ಟು ಹೇಳುತ್ತದೆ. ಆದರೆ ಪ್ರಾಥಮಿಕ ಕೇಂದ್ರದಲ್ಲಿ ತಪ್ಪಿದ ಡಾಕ್ಟರು ಆ ಮನೆಯವರನ್ನು ಮರುದಿನ ಅಂಗಡಿಯಲ್ಲಿ, ರೇಶನ್ ಸಾಲಿನಲ್ಲಿ ನೋಡಲೇಬೇಕು. ದೊಡ್ಡ ಆಸ್ಪತ್ರೆಯಲ್ಲಿ ಹಾಗಿಲ್ಲ. ಹಿರಿಯ ವೈದ್ಯರೊಬ್ಬರು ಇದನ್ನೇ ಹೇಳುತ್ತಾ, ತನ್ನ ಸರ್ವಿಸಿನ ಮೊದಲ ವರ್ಷದ ಮೂರು ಹೆಸರು ಈಗಲೂ ನೆನಪಿದೆ ಎಂದು ಮಾತು ನಿಲ್ಲಿಸಿದರು.

ಆ ಮೇಲೆ ಅವಳು ಶುಗರ್ ಇದ್ದು ಉರಿ ಎಂದವರಿಗೆಲ್ಲ ಮೊದಲು ಇಸಿಜಿ ಮಾಡಿಸಿದಳು. ಪಟ್ಟಿ ಓದಲು ಸಂಶಯ ಬಂದಾಗ ಫೋನಿನಲ್ಲಿ ಫೋಟೋ ಕಳುಹಿಸಿ ತಜ್ಞರನ್ನು ಕೇಳಿದಳು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಆರಂಭಿಸಿದ ವಾಟ್ಸಾಪ್ ಗುಂಪು ಇದಕ್ಕೆ ನಮ್ಮ ಭಾಗದಲ್ಲಿ ಹೆಸರಾದದ್ದು. ಹಳ್ಳಿಯ ಡಾಕ್ಟರುಗಳಿಗೆ ಇಸಿಜಿ ಯಂತ್ರ ಒದಗಿಸುವ ಕೆಲಸವೂ ಅದರೊಂದಿಗೆ ನಡೆದಿದೆ. ರಾತ್ರಿ ಕೇಳಲು ಯಾರೂ ಇಲ್ಲ ಎಂಬ ಅವಳ ಮೊದಲ ಹೆದರಿಕೆ ಹೀಗೆ ಅರ್ಧ ಕಡಿಮೆಯಾಯಿತು. ಉಳಿದರ್ಧ ಉಳಿದೇ ಉಳಿಯಿತು. ಒಮ್ಮೆ ರಾತ್ರಿ ಒಂದು ಗಂಟೆಗೆ ದೊಡ್ಡ ಆಸ್ಪತ್ರೆಯೊಂದಕ್ಕೆ ರೋಗಿಯನ್ನು ಕಳುಹಿಸುವ ಮೊದಲು ಫೋನ್ ಮಾಡಿದರೆ, ಅಲ್ಲಿ ಡ್ಯೂಟಿಯಲ್ಲಿದ್ದವರು "ಇಷ್ಟಕ್ಕೆಲ್ಲ ಕಳಿಸ್ತೀರಾ?" ಎಂದು ಗದರಿಸಿದರಂತೆ. ಬಹಳಷ್ಟು ಕಿರಿಯ ವೈದ್ಯರು ಇದನ್ನು ಅನುಭವಿಸಿದವರು. ಅವರಿಗೆ ಹಿರಿಯರು ಕೊಡುವ ಸಲಹೆ, ಬೈಗಳು ತಿಂದರೂ ಕಳುಹಿಸಿ, ಚೀಟಿಯಲ್ಲಿ ಕಂಡದ್ದು, ಕೊಟ್ಟದ್ದು, ಸಮಯ ಮೂರನ್ನೂ ಬರೆಯಿರಿ ಎಂಬುದು.

ಕುರ್ಚಿಯ ಆಚೆಗಿನ ಕೆಲಸ

ರೋಗಿಗಳನ್ನು ನೋಡುವುದು ಅರ್ಧ ಕೆಲಸ ಎಂದರೆ ತಪ್ಪಾಗಲಾರದು. ವೈದ್ಯಾಧಿಕಾರಿ ಎಂದಮೇಲೆ ಲಸಿಕೆ ಇಡುವ ಫ್ರಿಜ್ಜು ಸಹಾ ಅವರದೇ ಜವಾಬ್ದಾರಿ. ಅದರ ಒಳಗಿನ ಉಷ್ಣತೆ 2ರಿಂದ 8 ಡಿಗ್ರಿಯೊಳಗೆ ಇರಬೇಕು, ದಿನಕ್ಕೆ ಎರಡು ಸಲ ಬರೆದಿಡಬೇಕು. ಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೆ, ಗುರುವಾರದ ಲಸಿಕೆಗೆ ಬರುವ ಮಕ್ಕಳ ಪಾಡು ಡಾಕ್ಟರ ತಲೆಯ ಮೇಲೆ. ಗರ್ಭಿಣಿಯರ ತಾಯಿ ಕಾರ್ಡ್, ತಿಂಗಳ 9ನೇ ತಾರೀಕಿನ ತಪಾಸಣೆ, ಕ್ಷಯ ರೋಗಿಗಳ ನಿಕ್ಷಯ್ ನೋಂದಣಿ, ಶಾಲೆ, ಅಂಗನವಾಡಿ, ಗ್ರಾಮಸಭೆ, ತಾಲೂಕು ಮೀಟಿಂಗು, ಒಂದೇ ಅಂಕಿಯನ್ನು ನಾಲ್ಕು ಕಡೆ ತುಂಬಿಸುವ ಕಂಪ್ಯೂಟರ್ ಕೆಲಸ, ಇವೆಲ್ಲ ಇವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ರೆಫರಲ್ ಚೀಟಿಗೆ ಬಂದವರ ಸಾಲು ಬೇರೆ. ರೋಗಿಯನ್ನು ನೋಡದೆ ಚೀಟಿ ಬರೆದು ಕೊಡಿ ಎಂದು ಒತ್ತಾಯಿಸುವ ಊರಿನ ಗಣ್ಯರೂ ಉಂಟು. ನಮ್ಮವರೂ ಅದರಲ್ಲಿ ಹಿಂದೆ ಬಿದ್ದಿಲ್ಲ ಎಂದು ಕೇಳಿ ನನಗೆ ನಾಚಿಕೆಯಾಯಿತು.

ಇಪ್ಪತ್ತನಾಲ್ಕು ವರ್ಷದ ಹುಡುಗಿಗೆ ತನ್ನ ತಾಯಿಯ ಪ್ರಾಯದ ಸಿಬ್ಬಂದಿಯ ಮೇಲೆ ಅಧಿಕಾರ. ಅಧಿಕಾರ ತೋರಿಸಿದವರು ಮೂರು ತಿಂಗಳೊಳಗೆ ಸೋಲುತ್ತಾರಂತೆ. ಯಾವ ಮನೆಯಲ್ಲಿ ಕುಡಿತ ಇದೆ, ಯಾವ ಸೊಸೆ ರಕ್ತಹೀನತೆಯ ಮಾತ್ರೆಯನ್ನು ಬಾವಿಗೆ ಎಸೆಯುತ್ತಾಳೆ, ಯಾವ ಸಂಕ ಜುಲೈಯಲ್ಲಿ ಮುಳುಗುತ್ತದೆ ಎಂಬುದು ಸಿಸ್ಟರಿಗೂ ಆಶಾಗಳಿಗೂ ಗೊತ್ತು, ಡಾಕ್ಟರಿಗಲ್ಲ. ಭಾಷೆಯದ್ದು ಇನ್ನೊಂದು ಪಾಠ. ನಮ್ಮ ಹುಡುಗಿಗೆ ಕೊಂಕಣಿ, ತುಳು ಬರುತ್ತಿದ್ದುದರಿಂದ ಬದುಕಿಕೊಂಡಳು. ಬ್ಯಾರಿ ಅಮ್ಮಂದಿರ ಮಾತು ಅರ್ಥವಾಗಲು ಸ್ವಲ್ಪ ಸಮಯ ಬೇಕಾಯಿತು. ಕಲಬುರಗಿ, ಬೀದರ್ ಕಡೆಯಿಂದ ಇಲ್ಲಿಗೆ ಬಂದವರ ಕಷ್ಟ ಊಹಿಸಿ. ಮುದುಕರು ತುಳುವಿನಲ್ಲಿ ಹೇಳಿದ ನೋವು ಅವರಿಗೆ ತಲಪುವುದು ಮತ್ತೊಬ್ಬರ ಬಾಯಿಯಿಂದ.

ಬಿಪಿ, ಶುಗರ್ ಕಾಯಿಲೆಯವರು ಈ ಕೆಲಸದ ನಿಧಾನದ ಭಾಗ. ಗಂಜಿಯ ಜೊತೆ ಒಣಮೀನು, ಉಪ್ಪಿನಕಾಯಿ ಬಿಡಿ ಎಂದರೆ ನಗುತ್ತಾರೆ. "ತಲೆ ತಿರುಗುವುದಿಲ್ಲ, ಮತ್ತೆ ಮಾತ್ರೆ ಯಾಕೆ?" ಎಂದು ನಿಲ್ಲಿಸುತ್ತಾರೆ. ಪಾರ್ಶ್ವವಾಯು ತಪ್ಪಿದ ಮನುಷ್ಯ ಡಾಕ್ಟರಿಗೆ ಥ್ಯಾಂಕ್ಸ್ ಹೇಳಲು ಬರುವುದಿಲ್ಲ, ಯಾಕೆಂದರೆ ತಪ್ಪಿದ್ದು ಅವನಿಗೇ ಗೊತ್ತಿಲ್ಲ. ಒಂದು ವರ್ಷಕ್ಕೆ ಬಂದವರಿಗೆ ಇದರ ಫಲ ನೋಡಲು ಸಿಗುವುದೂ ಇಲ್ಲ. ಇದೇ ನನ್ನ ದೊಡ್ಡ ತಕರಾರು: ವರ್ಷಕ್ಕೊಬ್ಬರಂತೆ ಡಾಕ್ಟರು ಬದಲಾದರೆ, ಮೂವತ್ತು ವರ್ಷ ಮಾತ್ರೆ ನುಂಗಬೇಕಾದ ರೋಗಿ ಮೂವತ್ತು ಸಲ ತನ್ನ ಕತೆ ಮೊದಲಿನಿಂದ ಹೇಳಬೇಕು. ಬರುವವರ ಮೇಜಿನ ಮೇಲೆ ನೀಟ್ ಪಿಜಿ ಪುಸ್ತಕ ತೆರೆದಿರುತ್ತದೆ. ಅದು ಅವರ ತಪ್ಪು ಎಂದು ನಾನು ಹೇಳಲಾರೆ. ನಮ್ಮ ಮನೆಗಳಲ್ಲೇ ಬರೇ ಎಂಬಿಬಿಎಸ್ಸಾ ಎಂದು ಕೇಳುವವರು ನಾವು.

ಹಾಗಾದರೆ ಊರಿನವರು ಏನು ಮಾಡಬಹುದು? ನಾನು ಕೇಳಿದ ವೈದ್ಯರಲ್ಲಿ ಯಾರೂ ಸನ್ಮಾನ, ಶಾಲು ಕೇಳಲಿಲ್ಲ. ಕ್ವಾರ್ಟರ್ಸಿನ ಮಾಡು ಸೋರುವುದು ನಿಲ್ಲಬೇಕು, ನೀರು ಬರಬೇಕು, ರಾತ್ರಿ ಅನಾವಶ್ಯಕ ಬಾಗಿಲು ಬಡಿಯಬಾರದು ಎಂದರು. ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಊರಿನವರು ಬಂದು ಕುಳಿತರೆ ಇದರಲ್ಲಿ ಹೆಚ್ಚಿನದು ಆಗುವಂಥದ್ದು. ಮದ್ದಿನ ಹಳೆಯ ಚೀಟಿ ಎಸೆಯದೆ ತನ್ನಿ ಎಂದು ಎಲ್ಲರೂ ಹೇಳಿದರು.

ಅವಳ ವರ್ಷ ಈ ಮೇ ತಿಂಗಳಿಗೆ ಮುಗಿಯಿತು. ಹೋಗುವ ಮೊದಲು ಬರುವ ಡಾಕ್ಟರಿಗೆಂದು ಒಂದು ನೋಟ್‌ಬುಕ್ ಬರೆದಿಟ್ಟಳಂತೆ. ರಿಜಿಸ್ಟರಿನಲ್ಲಿ ಜಾಗ ಇಲ್ಲದ ಸಂಗತಿಗಳು. ಒಬ್ಬರೇ ಇರುವ ಹನ್ನೊಂದು ಮುದುಕರ ಮನೆಗಳು. ಇನ್ಸುಲಿನ್ ಇಡಲು ಪಕ್ಕದ ಮನೆಯ ಫ್ರಿಜ್ಜು ಉಪಯೋಗಿಸುವವರು ಯಾರು. ನಾಯಿ ಕಚ್ಚಿ 28ನೇ ದಿನದ ಲಸಿಕೆ ಬಾಕಿ ಇರುವ ಇಬ್ಬರು ಮಕ್ಕಳು. ಹೆರಿಗೆಗೆ ಜುಲೈಯಲ್ಲಿ ದಿನ ಇರುವ, ಸಂಕದ ಆಚೆ ಮನೆ ಇರುವ ಸೊಸೆ. ಮಳೆ ಜೋರಾಗುವ ಮೊದಲೇ ಈಚೆ ದಡದ ತವರಿಗೆ ಬರಬೇಕು. ಶುಗರ್ ಇದ್ದು ಎದೆ ಉರಿ ಎಂದರೆ ಮೊದಲು ಇಸಿಜಿ. ಮೊದಲ ಪುಟದಲ್ಲಿ ಸಿಸ್ಟರ್ ಅವರ ಫೋನ್ ನಂಬರ್, ಅದರ ಅಡಿಗೆ ಎರಡು ಗೆರೆ.